ಪುಸ್ತಕ ಕೊಳ್ಳುವ ಮೊದಲು

ಚಿ. ಮೇಘನಾಗೆ ದೊಡ್ಡಮ್ಮನ ಆಶೀರ್ವಾದಗಳು.

ತಾರಸಿ ತುಂಬಾ ಸಕ್ಯುಲೆಂಟ್ (ಎಲೆ, ಕಾಂಡದಲ್ಲಿ ನೀರು ಹಿಡಿದಿಡುವ ಗಿಡ) ಕುಂಡ ಆಗಿವೆ, ಈಗ ಒಂದು ಒಳ್ಳೆಯ ಪುಸ್ತಕ ಬೇಕು, ಯಾವುದು ಕೊಳ್ಳಲಿ ಅಂತ ಕೇಳಿದ್ದೀಯ. ಓದಿ ತುಂಬಾ ಖುಷಿಯಾಯಿತು. ಒಂದು ಹೆಸರು ಹೇಳಿ ಮುಗಿಸಬಹುದು. ಆದರೆ ಆರಿಸುವುದು ಹೇಗೆ ಅಂತ ತಿಳಿದರೆ ಮುಂದೆ ನೀನು ಯಾರನ್ನೂ ಕೇಳಬೇಕಾಗಿಲ್ಲ.

ಪುಸ್ತಕ ಕೈಗೆ ಬಂದ ಕೂಡಲೇ ಬಣ್ಣದ ಚಿತ್ರಕ್ಕೆ ಸೋಲಬೇಡ. ನಿನ್ನ ಹತ್ತಿರ ಇರುವ ಒಂದು ಗಿಡದ ಪುಟ ತೆಗೆ. ಅದು ಯಾವ ಸೀಮೆಯದು, ಎಷ್ಟು ಎತ್ತರದಲ್ಲಿ, ಎಂಥ ಕಲ್ಲುಮಣ್ಣಿನಲ್ಲಿ ಬೆಳೆಯುತ್ತದೆ ಅಂತ ಬರೆದಿದ್ದಾರಾ ನೋಡು. ಬರೆದಿದ್ದರೆ ಆ ಪುಸ್ತಕ ನಿನ್ನ ಕೆಲಸಕ್ಕೆ ಬರುತ್ತದೆ. ಎಲ್ಲ ಗಿಡಕ್ಕೂ ‘ಹದವಾಗಿ ನೀರು, ಒಳ್ಳೆಯ ಬೆಳಕು’ ಅಂತ ಒಂದೇ ಮಾತು ಇದ್ದರೆ ಅಲ್ಲೇ ಇಟ್ಟು ಬಾ. ಆನ್‌ಲೈನ್‌ನಲ್ಲಿ ಸಿಗುವ ತೆಳು ಪುಸ್ತಕಗಳಲ್ಲಿ ಇಂಥವೇ ಜಾಸ್ತಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಇಂಗ್ಲೆಂಡಿನಲ್ಲಿ ಗಿಡ ಸಾಕುವವರಿಗೆ ಚಳಿಗಾಲದ ಹಿಮದ ಭಯ. ಬೆಂಗಳೂರಿನಲ್ಲಿ ಹಿಮ ಎಲ್ಲಿದೆ? ನಮಗೆ ಕಾಟ ಕೊಡುವುದು ಜೂನ್‌ನಿಂದ ನವೆಂಬರ್‌ವರೆಗಿನ ತೇವ. ಹಾಗಾಗಿ ಅವರ ನೀರಿನ ಲೆಕ್ಕ ನಮಗೆ ಹೊಂದುವುದಿಲ್ಲ. ಗಿಡದ ತವರು ಗೊತ್ತಿದ್ದರೆ ಲೆಕ್ಕ ನೀನೇ ಹಾಕಬಹುದು. ಕ್ಯಾನರಿ ದ್ವೀಪಗಳಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಅಲ್ಲಿಯ ಇಯೋನಿಯಂ ಬೇಸಿಗೆಯಲ್ಲಿ ಎಲೆ ಮುದುರಿಕೊಂಡು ಸುಮ್ಮನಿರುತ್ತದೆ. ಮೆಕ್ಸಿಕೋದ ಎಚೆವೇರಿಯ ಬೆಳೆಯುವ ಗುಡ್ಡಗಳಲ್ಲಿ ಮಳೆ ಹೆಚ್ಚಾಗಿ ಬೇಸಿಗೆಯದು. ನಿನ್ನ ತಾರಸಿಯಲ್ಲಿ ಎರಡೂ ಅಕ್ಕಪಕ್ಕ ಕೂತಿವೆ, ಅಲ್ವಾ? ಎರಡಕ್ಕೂ ಒಂದೇ ಪೈಪಿನಲ್ಲಿ, ಒಂದೇ ದಿನ ನೀರು ಬಿಡುವುದು ಸರಿಯಲ್ಲ.

ಗಿಡದ ತವರಿಗೇ ಹೋಗಿ ನೋಡಿದವರು ಬರೆದ ಪುಸ್ತಕಗಳನ್ನು ನಾನು ತುಂಬಾ ಗೌರವದಿಂದ ನೋಡುತ್ತೇನೆ. ದಕ್ಷಿಣ ಆಫ್ರಿಕಾದ ರೆನಾಲ್ಡ್ಸ್ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ವೃತ್ತಿಯವರು. ಲೋಳೆಸರದ, ಅಂದರೆ ಆಲೋ ಗಿಡದ, ಜಾತಿಗಳನ್ನು ಹುಡುಕಿಕೊಂಡು ಊರೂರು ಅಲೆದು, 1950ರಲ್ಲಿ ‘ದಿ ಆಲೋಸ್ ಆಫ್ ಸೌತ್ ಆಫ್ರಿಕಾ’ ತಂದರು. 1966ರಲ್ಲಿ ಉಷ್ಣವಲಯದ ಆಫ್ರಿಕಾ ಮತ್ತು ಮಡಗಾಸ್ಕರ್‌ನ ಆಲೋಗಳ ಮೇಲೆ ಇನ್ನೊಂದು ದೊಡ್ಡ ಪುಸ್ತಕ ಬರೆದರು. ಕಲ್ಲಿನ ಹಾಗೇ ಕಾಣುವ ಲಿಥಾಪ್ಸ್ ಬಗ್ಗೆ 1988ರಲ್ಲಿ ಬರೆದ ಡೆಸ್ಮಂಡ್ ಕೋಲ್ ಆಫ್ರಿಕದ ಭಾಷೆಗಳ ಪ್ರಾಧ್ಯಾಪಕರು. ಹೆಂಡತಿಯ ಜೊತೆ ಸುತ್ತಿ, ಒಂದೊಂದು ಜಾಗದ ಗಿಡಗಳ ಗುಂಪಿಗೂ ಒಂದೊಂದು ನಂಬರ್ ಕೊಟ್ಟರು. ಬೀಜ ಮಾರುವವರು ಇವತ್ತಿಗೂ ಆ ನಂಬರನ್ನೇ ಬರೆಯುತ್ತಾರೆ. ಕತ್ತಾಳೆ ಜಾತಿಗಳಿಗೆ ಜೆಂಟ್ರಿ 1982ರಲ್ಲಿ ಬರೆದ ‘ಅಗಾವೇಸ್ ಆಫ್ ಕಾಂಟಿನೆಂಟಲ್ ನಾರ್ತ್ ಅಮೆರಿಕ’ ಇದೆ. ಇವನ್ನೆಲ್ಲ ಒಟ್ಟಿಗೆ ಕೊಳ್ಳಬೇಡ. ಯಾವ ಕುಲದ ಗಿಡ ನಿನಗೆ ಅತಿ ಪ್ರೀತಿಯೋ ಅದರದ್ದು ಒಂದು ತಗೋ. ಬರೀ ಕ್ಯಾಕ್ಟಸ್ ಸಾಕು ಅನ್ನಿಸಿದರೆ ಆಂಡರ್ಸನ್ ಅವರ ‘ದಿ ಕ್ಯಾಕ್ಟಸ್ ಫ್ಯಾಮಿಲಿ’ (2001) ಮೊದಲ ಪುಸ್ತಕವಾಗಲಿ.

ದುಡ್ಡು ಖರ್ಚು ಮಾಡದೆಯೂ ಒಂದು ದೊಡ್ಡ ಪುಸ್ತಕ ಸಿಗುತ್ತದೆ. ಬ್ರಿಟನ್ ಮತ್ತು ರೋಸ್ ಬರೆದ ‘ದಿ ಕ್ಯಾಕ್ಟೇಸಿ’, ನಾಲ್ಕು ಸಂಪುಟ, 1919ರಿಂದ 1923ರವರೆಗೆ ಬಂದಿದ್ದು. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅನ್ನುವ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ. ಮೇರಿ ಎಮಿಲಿ ಈಟನ್ ಬರೆದ ಬಣ್ಣದ ಚಿತ್ರಗಳನ್ನು ನಿಧಾನವಾಗಿ ನೋಡು. ಮುಳ್ಳು ಎಲ್ಲಿಂದ ಹೊರಡುತ್ತದೆ, ಹೂವು ಎಲ್ಲಿ ಕೂರುತ್ತದೆ ಅನ್ನುವುದು ಎಷ್ಟೋ ಫೋಟೋಗಳಿಗಿಂತ ಇವುಗಳಲ್ಲಿ ಚೆನ್ನಾಗಿ ತಿಳಿಯುತ್ತದೆ.

ಹಳೆಯ ಪುಸ್ತಕದಲ್ಲಿ ಹೆಸರುಗಳು ಹಳೆಯವಾಗಿರುತ್ತವೆ, ಅಷ್ಟೇ. ನಿನ್ನ ಪಟ್ಟೆಪಟ್ಟೆ ಹವೊರ್ಥಿಯ 2013ರಿಂದ ಹವೊರ್ಥಿಯಾಪ್ಸಿಸ್ ಆಗಿದೆ. ಸ್ಯಾನ್ಸೆವೇರಿಯವನ್ನು ಈಗ ಡ್ರಸೀನಕ್ಕೆ ಸೇರಿಸಿದ್ದಾರೆ. ಇದಕ್ಕೆ ಗಾಬರಿಯಾಗಬೇಡ. ಈಗಿನ ಹೆಸರನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನದವರ ‘ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್’ನಲ್ಲಿ ನೋಡಿ, ಹಳೆಯದರ ಪಕ್ಕ ಪೆನ್ಸಿಲ್‌ನಲ್ಲಿ ಬರೆದುಕೋ. ಗಿಡದ ವರ್ಣನೆ ಹಾಗೇ ಉಪಯೋಗಕ್ಕೆ ಬರುತ್ತದೆ.

ನಮ್ಮ ನೆಲದ ಗಿಡಗಳನ್ನು ಮರೆಯಬೇಡ. ನರ್ಸರಿಗೆ ಹೋಗುವವರು ಇವುಗಳ ಕಡೆ ತಿರುಗಿಯೂ ನೋಡುವುದಿಲ್ಲ ಅನ್ನುವುದು ನನ್ನ ದೊಡ್ಡ ಕೊರಗು. ಚದುರಗಳ್ಳಿ ಮುರಿದರೆ ಹಾಲು ಬರುತ್ತದೆ, ಅದು ಯೂಫೋರ್ಬಿಯ ಕುಲದ್ದು. ಪಾಪಸುಕಳ್ಳಿ ಅಮೆರಿಕದಿಂದ ಬಂದ ನಿಜವಾದ ಕ್ಯಾಕ್ಟಸ್. ಎರಡನ್ನೂ ಕಳ್ಳಿ ಅಂತಲೇ ಕರೆಯುತ್ತೇವೆ, ಸಂಬಂಧ ಮಾತ್ರ ಇಲ್ಲ. ಬಯಲುಸೀಮೆಯ ಗುಡ್ಡಗಳಲ್ಲಿ ಬೆಳೆಯುವ ಕ್ಯಾರಲ್ಲೂಮ ಅನ್ನುವ ಸಕ್ಯುಲೆಂಟ್ ಬಗ್ಗೆ ಮದ್ರಾಸ್ ಮ್ಯೂಸಿಯಂನ ಗ್ರೇವ್ಲಿ ಮತ್ತು ಮಯೂರನಾಥನ್ 1931ರಲ್ಲೇ ಒಂದು ಚಿಕ್ಕ ಪುಸ್ತಕ ತಂದಿದ್ದಾರೆ. ಸಲ್ಡಾನ್ಹಾ ಮತ್ತು ನಿಕೋಲ್ಸನ್ ಅವರ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ (1976) ಸಿಕ್ಕರೆ ಬಿಡಬೇಡ. ಅದರಲ್ಲಿ ಗಿಡ ಗುರುತಿಸುವ ಕೀ ಇರುತ್ತದೆ. ಎಲೆ ಎದುರುಬದುರು ಇದೆಯಾ, ಒಂದಾದ ಮೇಲೆ ಒಂದಿದೆಯಾ ಅಂತ ಎರಡರಲ್ಲಿ ಒಂದನ್ನು ಆರಿಸುತ್ತಾ ಹೋಗಬೇಕು. ಮೊದಮೊದಲು ತಲೆ ಕೆಡುತ್ತದೆ. ಗೊತ್ತಿರುವ ಗಿಡವನ್ನೇ ಇಟ್ಟುಕೊಂಡು ಅಭ್ಯಾಸ ಮಾಡು, ಆಗ ದಾರಿ ತಪ್ಪಿದ್ದು ಎಲ್ಲಿ ಅಂತ ತಿಳಿಯುತ್ತದೆ.

ಎಗ್ಲಿ, ಹಾರ್ಟ್‌ಮನ್ ಮೊದಲಾದವರು ಸಂಪಾದಿಸಿದ ಸಕ್ಯುಲೆಂಟ್ ಕೈಪಿಡಿಯ ಸಂಪುಟಗಳು ತುಂಬಾ ದುಬಾರಿ. ಬೇಕಾದಾಗ ಯಾವುದಾದರೂ ಗ್ರಂಥಾಲಯದಲ್ಲಿ ನೋಡಿದರೆ ಸಾಕು. ಲಾಲ್‌ಬಾಗಿನಲ್ಲಿ ಮರಿಗೌಡರ ಹೆಸರಿನ ತೋಟಗಾರಿಕೆ ಗ್ರಂಥಾಲಯ ಇದೆ, ಅಲ್ಲಿ ವಿಚಾರಿಸು. ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಗಳಿಗೂ ಆಗಾಗ ಹೋಗಿ ಬಾ.

ಈ ತಿಂಗಳು ಏನೂ ಕೊಳ್ಳಬೇಡ. ನಿನ್ನ ಹತ್ತಿರ ಇರುವ ಗಿಡಗಳ ಪಟ್ಟಿ ಮಾಡಿ ಕಳಿಸು. ಹೂ ಬಿಟ್ಟವುಗಳ ಫೋಟೋ ಹತ್ತಿರದಿಂದ ತೆಗೆ, ಹೂವಿಲ್ಲದೆ ಎಷ್ಟೋ ಗಿಡಗಳ ಹೆಸರು ಹೇಳುವುದು ಕಷ್ಟ. ಪಟ್ಟಿಯಲ್ಲಿ ಯಾವ ಕುಲ ಜಾಸ್ತಿ ಇದೆಯೋ ನೋಡಿ, ಅದರ ಪುಸ್ತಕವನ್ನೇ ಹುಡುಕೋಣ.

ಇಂತು ನಿನ್ನ
ದೊಡ್ಡಮ್ಮ