ಜೀಪು ಕಲಿಸಿದ ಪಾಠಕ್ಕೆ ಮೊಬೈಲ್ ಮೇಲೆ ದೂರು

ಮಾನ್ಯರೇ,

ಶಾಲೆ ಮುಂದಿನ ಒನ್‌ವೇಯಲ್ಲಿ ಎದುರು ದಿಕ್ಕಿನಿಂದ ನುಗ್ಗಿದ ಹುಡುಗರ ಬಗ್ಗೆ ನೀವು ನಿನ್ನೆ ಬರೆದಿದ್ದೀರಿ. ಅವರ ಬೈಕು ಗುದ್ದಿದ್ದು ನನ್ನ ಸ್ಕೂಟರಿಗೇ. ಕನ್ನಡಿ ಹೋಯಿತು, ಮೊಣಕಾಲು ಊದಿದೆ, ಕೆಲಸಕ್ಕೆ ತಡವಾಗಿ ಅಲ್ಲೂ ಬೈಸಿಕೊಂಡೆ. ರಿಪೇರಿಯವನು ಇನ್ನೂ ಫೋನ್ ಎತ್ತುತ್ತಿಲ್ಲ. ಇದೆಲ್ಲಕ್ಕಿಂತ ಜಾಸ್ತಿ ಉರಿದದ್ದು ವರದಿಯ ಕೊನೆ ಸಾಲು ಓದಿ. ‘ಮಕ್ಕಳು ಮೊಬೈಲ್ ನೋಡಿ ಹಾಳಾಗುತ್ತಿದ್ದಾರೆ’ ಎಂದು ಅಧಿಕಾರಿಯೊಬ್ಬರು ಅಪ್ಪಣೆ ಕೊಡಿಸಿದ್ದಾರೆ!

ಅಧಿಕಾರಿ ಸ್ವಾಮಿ, ಅದೇ ರಸ್ತೆಯಲ್ಲಿ ನಿಮ್ಮ ಇಲಾಖೆಯ ಜೀಪು ದಿನಾ ಬೆಳಗ್ಗೆ ಉಲ್ಟಾ ಬರುತ್ತದೆ. ಸರಿಯಾಗಿ ಶಾಲೆ ಗಂಟೆ ಹೊಡೆಯುವ ಹೊತ್ತಿಗೆ. ನೋಡಿ ಕಲಿಯಲು ನಾಲ್ಕು ವಿಷಯ ಕೂಡಬೇಕು ಎಂದು ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ ಹೇಳಿದ್ದಾರೆ. ಕಣ್ಣು ಅತ್ತ ಹೋಗಬೇಕು, ಕಂಡದ್ದು ನೆನಪಿರಬೇಕು, ಮಾಡಲು ಕೈಲಾಗಬೇಕು, ಮಾಡಬೇಕೆಂಬ ಆಸೆ ಹುಟ್ಟಬೇಕು. ನಿಮ್ಮ ಜೀಪು ನಾಲ್ಕನ್ನೂ ಪುಕ್ಕಟೆ ಒದಗಿಸಿದೆ. ಹಾರ್ನ್ ಕೇಳಿದರೆ ಯಾರಾದರೂ ತಿರುಗಿ ನೋಡುತ್ತಾರೆ. ದಿನಾ ಕಂಡರೆ ಮರೆಯುವುದು ಹೇಗೆ? ಹ್ಯಾಂಡಲ್ ತಿರುಗಿಸುವುದು ಯಾವ ವಿದ್ಯೆ? ಇನ್ನು ಆಸೆ. ಉಲ್ಟಾ ಬಂದವರಿಗೆ ದಂಡ ಇಲ್ಲ, ಸಲಾಮು ಇದೆ. ದೊಡ್ಡ ಸ್ಥಾನದಲ್ಲಿ ಇರುವವರನ್ನು ಜನ ಬೇಗ ಅನುಕರಿಸುತ್ತಾರೆ, ಗೊತ್ತಲ್ವಾ?

ಇದೇ ಬಂಡೂರ 1961ರಲ್ಲಿ ಗಾಳಿ ತುಂಬಿದ ಬೊಂಬೆಗೆ ದೊಡ್ಡವರು ಹೊಡೆಯುವುದನ್ನು ಪುಟ್ಟ ಮಕ್ಕಳಿಗೆ ತೋರಿಸಿದರು. ಮಕ್ಕಳೂ ಹಾಗೇ ಹೊಡೆದರು. 1965ರ ಪ್ರಯೋಗ ಇನ್ನೂ ಸ್ವಾರಸ್ಯ. ಹೊಡೆದವನಿಗೆ ಶಿಕ್ಷೆ ಆದದ್ದನ್ನು ಚಿತ್ರದಲ್ಲಿ ನೋಡಿದ ಮಕ್ಕಳು ಅಷ್ಟಾಗಿ ಹೊಡೆಯಲಿಲ್ಲ. ‘ಮಾಡಿ ತೋರಿಸಿ, ಬಹುಮಾನ ಕೊಡುತ್ತೇವೆ’ ಎಂದಾಗ ಅವರೂ ಉಳಿದವರ ಹಾಗೇ ಮಾಡಿ ತೋರಿಸಿದರು. ಕಲಿತದ್ದು ಒಳಗೇ ಕೂತಿತ್ತು. ಹಾಗಾಗಿ ಹುಡುಗರಿಗೆ ದಂಡ ಹಾಕಿ ಫೋಟೊ ತೆಗೆಸಿಕೊಂಡರೆ ಒಂದೆರಡು ದಿನ ತೆಪ್ಪಗಿರುತ್ತಾರೆ, ಅಷ್ಟೇ. ಕೇಳುವವರು ಇಲ್ಲದ ದಿನ ಮತ್ತೆ ಶುರು.

ಮೊಬೈಲಿನದೂ ಪಾಲಿದೆ, ಇಲ್ಲ ಅನ್ನುವುದಿಲ್ಲ. ತಮ್ಮ ವಯಸ್ಸಿನವನೇ ವೀಲಿಂಗ್ ಮಾಡಿ ರಾಶಿ ಲೈಕ್ ಗಿಟ್ಟಿಸಿದ್ದು ಕಂಡರೆ ಹುಡುಗರ ಕೈ ತುರಿಸದೆ ಇರುತ್ತದಾ? ಆದರೆ ಮೊಬೈಲಿಗೆ ಸರ್ಕಾರಿ ನಂಬರ್ ಪ್ಲೇಟ್ ಇರುವುದಿಲ್ಲ.

ಹೆಲ್ಮೆಟ್ ಜಾಥಾ ನೆನಪಿದೆಯಾ? ಮುಂದಿನ ಸಾಲಿನ ಸಾಹೇಬರ ತಲೆ ಮೇಲೆ ಹೆಲ್ಮೆಟ್ಟೇ ಇರಲಿಲ್ಲ. ಪಾಪ, ಫೋಟೊದಲ್ಲಿ ಮುಖ ಕಾಣಬೇಕಲ್ಲ. ‘ಇಲ್ಲಿ ಉಗುಳಬೇಡಿ’ ಎಂಬ ಬೋರ್ಡಿನ ಕೆಳಗೇ ಉಗುಳುವ ಸಿಬ್ಬಂದಿ ಇರುವ ಕಚೇರಿ ಅದು. ಹಂಪ್‌ಗೆ ಬಣ್ಣ ಬಳಿಯಿರಿ ಎಂದು ಕೊಟ್ಟ ಅರ್ಜಿ ಯಾವ ಮೇಜಿನ ಕೆಳಗಿದೆಯೋ. ಕೇಳಲು ಹೋದರೆ ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ’.

ಹುಡುಗರನ್ನು ಬಿಡಬೇಡಿ. ಜೀಪನ್ನೂ ಬಿಡಬೇಡಿ. ಅದು ಆಗದಿದ್ದರೆ ಒನ್‌ವೇ ಬೋರ್ಡನ್ನೇ ಕಿತ್ತುಹಾಕಿ, ಎಲ್ಲರೂ ಹೇಗೆ ಬೇಕೋ ಹಾಗೆ ಬರಲಿ. ಏನಾದರೂ ಒಂದು ಮಾಡಿ. ಮಕ್ಕಳಿಗೆ ಬುದ್ಧಿ ಹೇಳುವ ಮೊದಲು ಸ್ವಲ್ಪ ನಾಚಿಕೆಯಾದರೂ ಬೇಡ್ವಾ ಇವರಿಗೆ?

ಇತಿ,
ಶಾಲೆ ರಸ್ತೆಯ ಓದುಗ