ಬಿಪಿ, ಶುಗರ್ ನೋಡಿದ ಮೇಲೆ ಪಾದವನ್ನೂ ನೋಡಿಸಿ: ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಇದೆ. ಆಗಲೇ ಚಪ್ಪಲಿ ಬಿಡಿಸಿ, ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿದೆಯೇ ಎಂದು ಪಾದದ ನಾಡಿಯನ್ನೂ ಮುಟ್ಟಿ ನೋಡಲಿ. ನಾಡಿ ಸಿಗದವರಿಗಾಗಿ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ನಾಳದಲ್ಲಿ ರಕ್ತ ಹರಿಯುವ ಸದ್ದು ಕೇಳಿಸುವ, ಕೈಯಲ್ಲಿ ಹಿಡಿಯುವ ಡಾಪ್ಲರ್ ಯಂತ್ರ ಇರಲಿ. ನಾವು ಕೇಳುತ್ತಿರುವುದು ಇವೆರಡನ್ನು, ಜೊತೆಗೆ ಕೊನೆಯಲ್ಲಿ ಹೇಳಿರುವ ಒಂದು ಲಿಖಿತ ಸೂಚನೆಯನ್ನು.

ಕಾಲಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿದರೆ ಸಾಮಾನ್ಯವಾಗಿ ಮೊದಲು ನೋಯುವುದು ಮೀನಖಂಡ. ಗುಡ್ಡ ಹತ್ತುವಾಗ ಹಿಡಿದುಕೊಳ್ಳುತ್ತದೆ, ನಿಂತರೆ ಕೆಲವೇ ನಿಮಿಷದಲ್ಲಿ ಬಿಡುತ್ತದೆ, ಹೊರಟರೆ ಹೆಚ್ಚುಕಮ್ಮಿ ಅಷ್ಟೇ ದೂರಕ್ಕೆ ಮತ್ತೆ ಹಿಡಿಯುತ್ತದೆ. ವಾಯುವೆಂದು ಎಣ್ಣೆ ತಿಕ್ಕುತ್ತಾ ವರ್ಷ ಕಳೆಯುವವರಿದ್ದಾರೆ. ಬೀಡಿ ಸೇದುವ ಯುವಕರ ಬೆರಳನ್ನೇ ಕಪ್ಪಾಗಿಸುವ ಬರ್ಜರ್ ಕಾಯಿಲೆ ಬೇರೆ. ಅದರಲ್ಲಿ ಬೀಡಿ ಪೂರ್ತಿ ನಿಲ್ಲದೆ ಯಾವ ಮದ್ದೂ ಕಾಲು ಉಳಿಸದು. ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪೂ ನಿಲ್ಲಬೇಕು.

ಮಲೆನಾಡಿನ ಮಳೆಗಾಲ ಇಂಥ ಪಾದಗಳಿಗೆ ಕೆಟ್ಟ ಕಾಲ. ಉಂಬಳ ಕಚ್ಚಿದಲ್ಲಿ ಕೆರೆದ ಗಾಯ, ಬೆರಳ ಸಂದಿಯ ಕೆಸರುಹುಣ್ಣು, ರಕ್ತ ಸರಿಯಾಗಿ ಇಳಿಯದ ಕಾಲಿನಲ್ಲಿ ಮಾಯುವುದೇ ಇಲ್ಲ. ಕಾಲು ತಣ್ಣಗಿದೆಯೆಂದು ಬಚ್ಚಲೊಲೆಗೆ ಒಡ್ಡುತ್ತಾರೆ. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದಕ್ಕೆ ಬಿಸಿ ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲಷ್ಟೇ ಸುಟ್ಟದ್ದು ಗೊತ್ತಾಗುತ್ತದೆ.

ಡಾಪ್ಲರ್ ಪರೀಕ್ಷೆಯನ್ನು ತರಬೇತಾದ ನರ್ಸ್ ಮಾಡಬಲ್ಲರು. ರೋಗಿ 10 ನಿಮಿಷ ಅಂಗಾತ ಮಲಗಿರಬೇಕು. ನಡೆದು ಬಂದವರನ್ನು ತಕ್ಷಣ ಅಳೆದರೆ ಲೆಕ್ಕ ತಪ್ಪುತ್ತದೆ. ಬಿಪಿ ಪಟ್ಟಿಯನ್ನು ಹರಡಿನ ಗಂಟಿಗಿಂತ ಸ್ವಲ್ಪ ಮೇಲಕ್ಕೆ ಸುತ್ತಿ, ಜೆಲ್ ಹಚ್ಚಿ, ಡಾಪ್ಲರ್ ಕಡ್ಡಿಯನ್ನು ನಾಳದ ಮೇಲೆ ಓರೆಯಾಗಿ ಹಗುರಾಗಿ ಇಡಬೇಕು. ಒತ್ತಿದರೆ ನಾಳವೇ ಮುಚ್ಚಿ ಸದ್ದು ಹೋಗುತ್ತದೆ. ಪಟ್ಟಿಗೆ ಗಾಳಿ ತುಂಬುತ್ತಾ ಹೋಗಿ, ಸದ್ದು ನಿಂತ ಮೇಲೆ ಒತ್ತಡವನ್ನು ಇನ್ನೂ 20 ಏರಿಸಿ, ನಿಧಾನ ಇಳಿಸುವಾಗ ಸದ್ದು ಮರಳುವ ಅಂಕಿಯನ್ನು ಬರೆದುಕೊಳ್ಳಬೇಕು. ಪಾದದ ಮೇಲಿನ ನಾಳ, ಒಳಗಂಟಿನ ಹಿಂದಿನ ನಾಳ ಎರಡನ್ನೂ ನೋಡಿ, ದೊಡ್ಡ ಅಂಕಿಯನ್ನು ಎರಡು ತೋಳುಗಳಲ್ಲಿ ಹೆಚ್ಚಿರುವ ಬಿಪಿಯ ಮೇಲಿನ ಅಂಕಿಯಿಂದ ಭಾಗಿಸಬೇಕು. ತೋಳಿನದು 140, ಕಾಲಿನದು 98 ಇದ್ದರೆ 0.7. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ. 1.4 ದಾಟಿದರೆ ಖುಷಿಪಡುವಂತಿಲ್ಲ: ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಡುಸಾಗಿ ಪಟ್ಟಿಗೆ ಬಗ್ಗದಿರಬಹುದು, ಅಂಥವರಿಗೆ ಕಾಲ್ಬೆರಳಿನ ಒತ್ತಡ ಅಳೆಯಬೇಕು.

ಉಬ್ಬುನರದ ಹುಣ್ಣಿಗೆ ಬಿಗಿ ಬ್ಯಾಂಡೇಜ್ ಕಟ್ಟುವ ಮೊದಲೂ ಈ ಅಂಕಿ ಬೇಕು. ಅಶುದ್ಧ ರಕ್ತನಾಳದ ಹುಣ್ಣಿಗೆ ಬಿಗಿ ಕಟ್ಟೇ ಚಿಕಿತ್ಸೆ, ಆದರೆ ಮೊದಲೇ ರಕ್ತ ಸಾಲದ ಕಾಲಿಗೆ ಅದೇ ಕಟ್ಟಿದರೆ ಚರ್ಮ ಸಾಯುತ್ತದೆ.

ಬೇಗ ಪತ್ತೆಯಾದವರಲ್ಲಿ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ತಂಬಾಕು ಬಿಡುವುದು, ಬಿಪಿ, ಶುಗರ್ ಹಿಡಿತ, ರಕ್ತ ಹೆಪ್ಪುಗಟ್ಟದಂತೆ ವೈದ್ಯರು ಬರೆದ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್. ವಾರಕ್ಕೆ 3 ಸಲ 30ರಿಂದ 45 ನಿಮಿಷ ನಡೆಯುವುದು: ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುತ್ತಾ ಕನಿಷ್ಠ 12 ವಾರ.

ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ವಿಪರೀತ ನೋಯತೊಡಗಿದರೆ ಮಾತ್ರ ಒಂದು ನಿಮಿಷವೂ ಕಾಯುವಂತಿಲ್ಲ. ಸುಮಾರು 6 ಗಂಟೆ ದಾಟಿದರೆ ಮಾಂಸಖಂಡ ಸಾಯತೊಡಗುತ್ತದೆ. ಆಗುಂಬೆ, ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯಿಂದ ಮಳೆಯಲ್ಲಿ ಶಿವಮೊಗ್ಗಕ್ಕೆ ಬರಲೇ ಅದರಲ್ಲೊಂದು ಪಾಲು ಹೋಗುತ್ತದೆ. ಇಂಥವರನ್ನು ಸ್ಕ್ಯಾನಿಂಗ್‌ಗೆಂದು ತಾಲ್ಲೂಕಿನಲ್ಲೇ ಕೂರಿಸದೆ, ವೈದ್ಯರು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಚುಚ್ಚುಮದ್ದು ಕೊಟ್ಟು, ರಕ್ತನಾಳ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಕಳಿಸುವಂತೆ ಲಿಖಿತ ಸೂಚನೆ ಹೊರಡಿಸಿ. ಮುಂಗಾರು ಹಿಡಿಯುವ ಮೊದಲೇ ಅದು ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಆಸ್ಪತ್ರೆಗಳಿಗೆ ತಲುಪಬೇಕು.

ಇಂತಿ,
ರಕ್ತನಾಳ ರೋಗಿಗಳ ಆರೈಕೆಯಲ್ಲಿರುವ ವೈದ್ಯರು ಮತ್ತು ನರ್ಸ್‌ಗಳು