‘ಇಂದಿನ ಯುವಕರು’ ಅಂತ ಶುರು ಮಾಡಬೇಡ

ಪ್ರೀತಿಯ ತಂಗೀ,

ನಿನ್ನ ಲೇಖನ ಓದಿದೆ. ಕೋಲಾರದ ಕಾಲೇಜು ಹುಡುಗರು ಕೆಲಸದ ಬಗ್ಗೆ ಏನು ಯೋಚಿಸುತ್ತಾರೆ ಅನ್ನೋದು ಬರೆಯಲೇಬೇಕಾದ ವಿಷಯ. ಆದರೆ ‘ಇಂದಿನ ಯುವಕರಿಗೆ ಮೈ ಬಗ್ಗಿಸಿ ದುಡಿಯುವ ಮನಸ್ಸಿಲ್ಲ’ ಎಂಬ ಮೊದಲ ಸಾಲು ತೆಗೆದುಬಿಡು. ಅದು ನಿಜವಲ್ಲ.

ನಿನ್ನ ಕ್ಲಾಸಿನಲ್ಲೇ ನೋಡು. ಬೆಳಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಬಸ್ ಹಿಡಿದು ಬರುವವರು ಇಲ್ವಾ? ಟೊಮೆಟೊ ಕೀಳುವ ದಿನ ರಜೆ ಹಾಕುವವರು? ಹಾಜರಾತಿ ಕಡಿಮೆ ಅಂತ ಬೈಸಿಕೊಳ್ಳುವವರು ಇವರೇ.

ಹಾಗಾದರೆ ಇವರೆಲ್ಲ ಸರ್ಕಾರಿ ಕೆಲಸವೇ ಬೇಕು ಅನ್ನೋದು ಯಾಕೆ? ಇಲ್ಲಿ ನೀನು ಅವಸರ ಮಾಡಿದ್ದೀಯ. ‘ಮುಂದೆ ಏನಾಗ್ತೀಯ’ ಎಂದು ಕೇಳಿದರೆ ಎಫ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಂತ ಬಾಯಿಪಾಠದ ಉತ್ತರ ಬರುತ್ತದೆ. ‘ನಿಮ್ಮ ಮನೆಗೆ ತಿಂಗಳು ತಿಂಗಳು ಇಷ್ಟೇ ದುಡ್ಡು ಅಂತ ಬರುತ್ತಾ?’ ಎಂದು ಕೇಳು. ಆಮೇಲೆ ಸುಮ್ನೆ ಕೇಳಿಸಿಕೊ. 2023ರ ಜುಲೈಯಲ್ಲಿ ನಮ್ಮ ಮಾರ್ಕೆಟ್ಟಿನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಕೆಲವೇ ವಾರಗಳಲ್ಲಿ ಬೆಲೆ ನೆಲ ಕಚ್ಚಿತು. ಇದನ್ನು ಮನೆಯೊಳಗಿಂದ ನೋಡಿದ ಹುಡುಗ ಒಂದನೇ ತಾರೀಖಿನ ಸಂಬಳಕ್ಕೆ ಆಸೆಪಟ್ಟರೆ ಅದನ್ನು ಸೋಮಾರಿತನ ಅಂತೀಯಾ?

ಕೆಜಿಎಫ್‌ಗೂ ಹೋಗಿ ಬಾ. ಅಲ್ಲಿ ಬೇರೆಯದೇ ಮಾತು ಸಿಗಬಹುದು. ಚಿನ್ನದ ಗಣಿ ನಡೆಸುತ್ತಿದ್ದದ್ದು ಕೇಂದ್ರ ಸರ್ಕಾರದ್ದೇ ಕಂಪನಿ. 2001ರ ಫೆಬ್ರವರಿ 28ಕ್ಕೆ ಅದು ಮುಚ್ಚಿತು. ಪರ್ಮನೆಂಟ್ ಕೆಲಸವೂ ಹೋಗುತ್ತೆ ಅಂತ ಕಂಡ ಮನೆಗಳವು. ಅಲ್ಲಿಂದ ದಿನಾ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರ ಮಕ್ಕಳು ಏನು ಬಯಸುತ್ತಾರೆ? ಅವರನ್ನೇ ಕೇಳು. ಊಹೆ ಮಾಡಿ ಬರೆಯಬೇಡ.

ನರಸಾಪುರ, ವೇಮಗಲ್, ಮಾಲೂರಿನಲ್ಲಿ ಇಷ್ಟೊಂದು ಫ್ಯಾಕ್ಟರಿ ಇದ್ದರೂ ಹುಡುಗರು ಹೋಗಲ್ಲ ಎಂದು ದೂರಿದ್ದೀಯ. ಯಾವ ಕೆಲಸ, ಯಾರ ಹೆಸರಿನಲ್ಲಿ, ಎಷ್ಟು ದಿನಕ್ಕೆ ಎಂದು ವಿಚಾರಿಸಿದೆಯಾ? ಬೋರ್ಡು ಒಂದು ಕಂಪನಿಯದು, ಸಂಬಳ ಕೊಡುವವನು ಕಾಂಟ್ರಾಕ್ಟರ್. 2020ರ ಡಿಸೆಂಬರಿನಲ್ಲಿ ನರಸಾಪುರದ ಮೊಬೈಲ್ ಫ್ಯಾಕ್ಟರಿಯಲ್ಲಿ ಗಲಾಟೆ ಆಗಿದ್ದೂ ಸಂಬಳದ ವಿಷಯಕ್ಕೇ. ಪೇ ಸ್ಲಿಪ್ ಓದೋದು ಕಲಿತುಕೊ. ಪಿಎಫ್, ಓವರ್‌ಟೈಮ್, ಕಡಿತ ಎಲ್ಲ ಅದರಲ್ಲಿ ಕಾಣುತ್ತೆ. ಈ ವಿಷಯದ ಬಗ್ಗೆ ಬರೆಯುವವರಿಗೆ ಅದು ಗೊತ್ತಿರಲೇಬೇಕು.

ಓದು ಮುಗಿಸಿ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿ ಭತ್ಯೆಯಿಂದ ಹುಡುಗರು ಕೆಟ್ಟರು ಎಂಬ ಪ್ಯಾರಾ ಬೇಡ. ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಅದೂ ಹೆಚ್ಚೆಂದರೆ ಎರಡು ವರ್ಷ. ಬೆಂಗಳೂರಿನ ಪಿಜಿ ಬಾಡಿಗೆಗೂ ಸಾಲಲ್ಲ.

ನಿನ್ನ ಲೇಖನದಲ್ಲಿ ಹುಡುಗಿಯರಿಗೆ ಸಿಕ್ಕಿರೋದು ಎರಡೇ ಸಾಲು. ಇದು ನನಗೆ ಜಾಸ್ತಿ ಬೇಜಾರಾಯಿತು. ಊರ ಬಾಗಿಲಿಗೆ ಕಂಪನಿ ಬಸ್ ಬರುತ್ತೆ ಅಂತ ಕಳಿಸುವ ಅಪ್ಪ ಇದ್ದಾನೆ. ನೈಟ್ ಶಿಫ್ಟ್ ಅಂದ ತಕ್ಷಣ ಬೇಡ ಅನ್ನುವವನೂ ಇದ್ದಾನೆ. ಮೊದಲ ಸಂಬಳದಲ್ಲಿ ತಮ್ಮನ ಫೀಸು ಕಟ್ಟಿದವಳು ಎಂ.ಎ. ಓದುವ ಆಸೆ ಬಿಟ್ಟಿರಬಹುದು, ಬಿಡದೆಯೂ ಇರಬಹುದು. ಮದುವೆ ಮಾತು ಎಲ್ಲಿ ಬಂತು, ಸಂಬಳ ಯಾರ ಕೈಗೆ ಹೋಗುತ್ತೆ, ಕೇಳು. ನಿನ್ನ ಹತ್ತಿರ ಅವರು ಮಾತಾಡ್ತಾರೆ, ನನ್ನ ಹತ್ತಿರ ಅಲ್ಲ. ಹೆಸರು ಬದಲಿಸಿ ಬರೆ, ಬರೆದ ಮೇಲೆ ಅವರಿಗೇ ಓದಿ ಹೇಳು.

ಪೂರ್ತಿ ಲೇಖನ ಈಗಲೇ ಬೇಡ. ಈ ಹುಡುಗಿಯರ ಭಾಗ ಬರೆದು ಮೊದಲು ಕಳಿಸು, ಕಾಯ್ತಿರ್ತೀನಿ.

ನಿನ್ನ ಅಣ್ಣ